ಆರು ಸಂಪುಟಗಳ ತುಳು, ಅಡುಗೆಮನೆಯ ತುಳು

ಕಳೆದ ಆಟಿ ತಿಂಗಳಲ್ಲಿ, ಅಂದರೆ ಜುಲೈ ಕೊನೆಯ ಹೊತ್ತಿಗೆ, ಅಮ್ಮ ಊರಿನಿಂದ ಮುಲುಂಡಿನ ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಸ್ಟೇಷನ್ನಿನ ಹೊರಗೆ ನೀಲಿ ಪ್ಲಾಸ್ಟಿಕ್ ಹಾಸಿ ಕಾಡುಸೊಪ್ಪು ಮಾರುತ್ತಿದ್ದ ಹೆಂಗಸಿನ ಮುಂದೆ ಗಕ್ಕನೆ ನಿಂತು "ಓ, ತಜಂಕ್!" ಎಂದರು. ಮಳೆ ಬಿದ್ದ ಕೂಡಲೇ ಗದ್ದೆಯ ಬದುವಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು ಅದು. ಕನ್ನಡದಲ್ಲಿ ತಗಚೆ. ಇಲ್ಲಿನ ಮರಾಠಿಯಲ್ಲಿ ಟಾಕಳಾ. ನಮ್ಮ ಕಡೆ ಆಟಿಯಲ್ಲಿ ಒಮ್ಮೆಯಾದರೂ ತಿನ್ನಲೇಬೇಕು.

ಎಂಟನೇ ಕ್ಲಾಸಿನ ಮಗಳು ನನ್ನನ್ನು ಹಿಂದಿಯಲ್ಲಿ ಕೇಳಿದಳು: ತಜಂಕ್ ಅಂದರೆ ಏನು? ಅವಳಿಗೆ ತುಳು ಅರ್ಥವಾಗುತ್ತದೆ. ಅಜ್ಜಿ "ಒಣಸ್ ಆಂಡಾ?" ಎಂದರೆ ಊಟ ಆಯಿತೆಂದು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಅರ್ಥವಾಗುತ್ತದೆ, ಆದರೆ ಆಡಲು ಬರುವುದಿಲ್ಲ. ಈ ನಗರದಲ್ಲಿ ನನ್ನ ವಯಸ್ಸಿನ ತುಳುವರ ಮನೆಗಳಲ್ಲಿ ಬಹುಪಾಲು ಮಕ್ಕಳ ಸ್ಥಿತಿ ಇದೇ ಎಂದು ನನಗೆ ಕಾಣುತ್ತದೆ.

ಸೊಪ್ಪು ಮಾರುತ್ತಿದ್ದ ಹೆಂಗಸು ಪಕ್ಕದವಳೊಡನೆ ಏನೋ ಮಾತಾಡುತ್ತಿದ್ದಳು. ಮರಾಠಿಯಂತೆ ಕೇಳಿಸಿದರೂ ಮರಾಠಿಯಾಗಿರಲಿಲ್ಲ. ಕರ್ಜತ್ ಕಡೆಯವರಂತೆ. ಯಾವ ಭಾಷೆ ಎಂದು ಕೇಳಿದೆ. "ನಮ್ಮದೇ" ಎಂದು ನಕ್ಕು ನನ್ನೊಡನೆ ಮರಾಠಿಗೆ ಹೊರಳಿದಳು. ಅದಕ್ಕಿಂತ ಹೆಚ್ಚು ಕೇಳಲು ನಾನೂ ಹೋಗಲಿಲ್ಲ. ನಾಲ್ಕು ಕಟ್ಟು ಸೊಪ್ಪು ಕೊಂಡು ಬಂದೆವು.

ಆ ರಾತ್ರಿ, ಮಿತ್ರರೊಬ್ಬರಿಂದ ತಂದಿಟ್ಟುಕೊಂಡಿದ್ದ ತುಳು ನಿಘಂಟುವಿನಲ್ಲಿ ಮಗಳೂ ನಾನೂ ತಜಂಕ್ ಹುಡುಕಿದೆವು. ಪದ ಇತ್ತು. ಅವಳು ಓದಿ, ತಲೆಯಾಡಿಸಿ, ಫೋನಿಗೆ ಮರಳಿದಳು. ಅಳಿವಿನಂಚಿನ ಭಾಷೆಗಳನ್ನು ಉಳಿಸಲು ಸರ್ಕಾರ ಮಾಡುವ ಕೆಲಸದ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದು ಆಗ. ವಿಮರ್ಶೆ ಎಂದರೆ ಸಾಮಾನ್ಯವಾಗಿ ಒಂದು ಪುಸ್ತಕವನ್ನು ಓದುವುದು. ಇಲ್ಲಿ ನಾನು ಓದಲು ಹೊರಟಿರುವುದು ಒಂದು ಕಪಾಟನ್ನು: ಚಿಕ್ಕ ಭಾಷೆಗಳ ಹೆಸರಿನಲ್ಲಿ ಸರ್ಕಾರಗಳು ಮಾಡಿಸಿದ ನಿಘಂಟು, ಅಕಾಡೆಮಿ, ಪಠ್ಯಪುಸ್ತಕ, ಯೋಜನೆಗಳ ಕಪಾಟು.

ಕಪಾಟಿನ ಅತ್ಯುತ್ತಮ ಪುಸ್ತಕ

ಮೊದಲು ಒಳ್ಳೆಯದನ್ನೇ ನೋಡೋಣ. ತುಳು ನಿಘಂಟು ಭಾರತೀಯ ಭಾಷೆಗಳಲ್ಲಿ ನಡೆದಿರುವ ದೊಡ್ಡ ಕೆಲಸಗಳಲ್ಲಿ ಒಂದು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, ಸರ್ಕಾರದ ನೆರವೂ ಒದಗಿ, 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಹೊರಬಂತು. ಅದಕ್ಕೂ ನೂರು ವರ್ಷ ಮುಂಚೆ, 1886ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂದಿತ್ತು. ಆ ನಿಘಂಟು ಪಾದ್ರಿಗಳಿಗೆ ತುಳು ಕಲಿಯಲು ಹುಟ್ಟಿದ್ದು. ಉಪಾಧ್ಯಾಯರ ನಿಘಂಟು ತುಳುವರ ಬಾಯಲ್ಲಿರುವ ಎಲ್ಲ ತುಳುಗಳನ್ನೂ ಹಿಡಿಯಲು ಹೊರಟಿತು. ಬೇರೆ ಬೇರೆ ಜಾತಿಯವರ ಮಾತು, ಬೇರೆ ಬೇರೆ ಊರುಗಳ ಮಾತು, ಪಾಡ್ದನದ ಮಾತು, ಕೃಷಿಯ ಮಾತು ಎಲ್ಲಕ್ಕೂ ಅಲ್ಲಿ ಜಾಗವಿದೆ. ಶಿಷ್ಟ ರೂಪ ಯಾವುದು ಎಂದು ತೀರ್ಪು ಕೊಡುವುದಕ್ಕಿಂತ ಯಾರು ಹೇಗೆ ಹೇಳುತ್ತಾರೆ ಎಂದು ಕಿವಿಗೊಡುವ ಗುಣ ಅದರದ್ದು. ಒಂದು ಪದದ ನಾಲ್ಕು ರೂಪಗಳನ್ನು ಒಟ್ಟಿಗೆ ನೋಡುವಾಗ ಊರಿನ ನಾಲ್ಕು ಮನೆಗಳ ಅಂಗಳ ಕಣ್ಣಮುಂದೆ ಬರುತ್ತದೆ.

ಆದರೆ ನಿಘಂಟಿಗೆ ತನ್ನದೇ ಆದ ಮಿತಿಯಿದೆ. ಪದ ಬಲ್ಲವನು ಅದನ್ನು ಖಚಿತಪಡಿಸಿಕೊಳ್ಳಲು ನಿಘಂಟು ತೆರೆಯುತ್ತಾನೆ. ಪದ ಕೇಳಿಸಿಕೊಂಡವನು ಅರ್ಥ ತಿಳಿಯಲು ತೆರೆಯುತ್ತಾನೆ. ಕೇಳಿಸಿಕೊಳ್ಳದವನು ತೆರೆಯುವುದೇ ಇಲ್ಲ. ನನ್ನ ಮಗಳು ತಜಂಕ್ ಹುಡುಕಿದ್ದು ಅಜ್ಜಿ ಮುಲುಂಡ್ ಸ್ಟೇಷನ್ನಿನಲ್ಲಿ ನಿಂತು ಅದನ್ನು ಜೋರಾಗಿ ಹೇಳಿದ್ದರಿಂದ. ಅಜ್ಜಿ ಊರಿಗೆ ಮರಳಿದ ಮೇಲೆ ಆ ಸಂಪುಟ ನಮ್ಮ ಮನೆಯಲ್ಲಿ ಮತ್ತೆ ತೆರೆದಿಲ್ಲ.

ನನ್ನ ದಿನದ ಕೆಲಸ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು. ಅಲ್ಲಿ ಬಹಳ ಬೇಗ ಕಲಿಯುವ ಒಂದು ಪಾಠವಿದೆ. ಒಪ್ಪಂದದಲ್ಲಿ ಬರೆದ ಎಲ್ಲವನ್ನೂ ತಲುಪಿಸಿ, ಎಲ್ಲ ಸಹಿ ಪಡೆದು, ಬಿಲ್ ಪಾಸಾದ ಮೇಲೂ ಆ ತಂತ್ರಾಂಶವನ್ನು ಯಾರೂ ಬಳಸದೇ ಇರಬಹುದು. ಕಡತದ ಪ್ರಕಾರ ಪ್ರಾಜೆಕ್ಟ್ ಯಶಸ್ವಿ. ಕಡತಕ್ಕೆ ಕಾಣುವುದು ತಲುಪಿಸಿದ ವಸ್ತು ಮಾತ್ರ. ಭಾಷೆಯ ವಿಷಯದಲ್ಲಿ ಸರ್ಕಾರಗಳು ಮಾಡುತ್ತಿರುವುದನ್ನು ಓದಿದಾಗ ನನಗೆ ಪದೇ ಪದೇ ನೆನಪಾದದ್ದು ಇಂಥ ಮುಗಿದ ಪ್ರಾಜೆಕ್ಟುಗಳು.

ವಸ್ತುಗಳ ಪಟ್ಟಿ

1994ರಲ್ಲಿ ಕರ್ನಾಟಕ ಸರ್ಕಾರ ತುಳು, ಕೊಂಕಣಿ, ಕೊಡವ ಭಾಷೆಗಳಿಗೆ ಸಾಹಿತ್ಯ ಅಕಾಡೆಮಿಗಳನ್ನು ಕೊಟ್ಟಿತು. 2009ರಲ್ಲಿ ಬ್ಯಾರಿಗೆ, 2011ರಲ್ಲಿ ಅರೆಭಾಷೆಗೆ ಅಕಾಡೆಮಿ ಬಂತು. ದೇಶದ ಬೇರೆ ಯಾವ ರಾಜ್ಯಕ್ಕೆ ಹೋಲಿಸಿದರೂ ಇದು ಸಣ್ಣ ಮಾತಲ್ಲ. ರಾಜ್ಯಭಾಷೆಯ ಒಳಗಿನ, ಪಕ್ಕದ ಭಾಷೆಗಳಿಗೂ ಕಚೇರಿ, ಬಜೆಟ್, ಪ್ರಶಸ್ತಿ ಇರಬೇಕೆಂದು ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ಎಲ್ಲಕ್ಕೂ ಒಂದೇ ಅಚ್ಚು. ಹೆಸರಿನಲ್ಲಿ ಸಾಹಿತ್ಯ ಅಕಾಡೆಮಿ; ಹಾಗಾಗಿ ಕೆಲಸವೂ ಪುಸ್ತಕ ಪ್ರಕಟಣೆ, ಗೌರವ ಪ್ರಶಸ್ತಿ, ಸಮ್ಮೇಳನ, ಕಮ್ಮಟ. ಬರೆಯುವವರಿಗೆ ಇದರಿಂದ ಬಲ ಬಂದಿದೆ. ಆದರೆ ತುಳುವಿನ ಆಪತ್ತು ಬರೆಯುವವರ ಕೊರತೆಯಿಂದ ಬಂದದ್ದಲ್ಲ. ಐವತ್ತು ದಾಟಿದ ತುಳು ಕವಿಗಳು ಬೇಕಾದಷ್ಟಿದ್ದಾರೆ. ಐದು ವರ್ಷದ ತುಳು ಹಠಮಾರಿಗಳು ನಮ್ಮ ಕಡಿಮೆಯಾಗುತ್ತಿದ್ದಾರೆ.

2010ರಿಂದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆಗಳಲ್ಲಿ ತುಳುವನ್ನು ಮೂರನೇ ಐಚ್ಛಿಕ ಭಾಷೆಯಾಗಿ ಕಲಿಯಬಹುದು. 2018ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ತುಳು ಎಂ.ಎ. ಆರಂಭಿಸಿತು. ಎರಡೂ ಸ್ವಾಗತಾರ್ಹ. ಆದರೆ ಶಾಲೆಯಲ್ಲಿ ತುಳು ಶುರುವಾಗುವುದು ಆರನೇ ತರಗತಿಯಲ್ಲಿ. ಭಾಷೆ ಮನೆಯಿಂದ ಜಾರುವುದು ಮೂರರಿಂದ ಆರು ವರ್ಷದ ನಡುವೆ, ಮಗು ನರ್ಸರಿಯಿಂದ ಹಿಂದಿರುಗಿ ಅಲ್ಲಿಯ ಭಾಷೆಯಲ್ಲಿ ನೀರು ಕೇಳಿದಾಗ ನಾವು ಅದೇ ಭಾಷೆಯಲ್ಲಿ ನೀರು ಕೊಡುವ ಕ್ಷಣದಲ್ಲಿ. ಹನ್ನೊಂದು ವರ್ಷಕ್ಕೆ ಪಠ್ಯಪುಸ್ತಕ ಬರುವಷ್ಟರಲ್ಲಿ ಮನೆಯಲ್ಲಿ ಆ ವ್ಯವಹಾರ ಮುಗಿದಿರುತ್ತದೆ.

ಆಮೇಲೆ ನನ್ನ ವೃತ್ತಿಗೆ ಹತ್ತಿರದ ಸಂಗತಿಗಳು. 2016ರಲ್ಲಿ ತುಳು ವಿಕಿಪೀಡಿಯ ಬಂತು. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಸೇರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಆ ದಿನ ನಾನೂ ನಾಲ್ಕು ಗ್ರೂಪುಗಳಿಗೆ ಸಂದೇಶ ಕಳಿಸಿದವನೇ. ಹಳೆಯ ತಾಳೆಗರಿಗಳನ್ನು ಡಿಜಿಟಲ್ ಮಾಡಲು ಇದು ನಿಜಕ್ಕೂ ಬೇಕಿತ್ತು. ಆದರೆ ಲಿಪಿಯ ಹೆಸರು, ರೂಪ, ಹಕ್ಕು ಇವುಗಳ ಬಗ್ಗೆ ವರ್ಷಗಟ್ಟಲೆ ನಡೆದ ಜಗಳದಲ್ಲಿ ಖರ್ಚಾದ ಶಕ್ತಿಯನ್ನು ನೆನೆದರೆ ಬೇಸರವಾಗುತ್ತದೆ. ಬಾಸೆಲ್ ಮಿಷನ್ ಕಾಲದಿಂದ ತುಳು ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತಿದೆ. ಯಾವ ಮಗುವೂ ಲಿಪಿ ಇಲ್ಲವೆಂದು ತುಳು ಬಿಟ್ಟಿಲ್ಲ. ಊರಿನ ಫಲಕವನ್ನು ತುಳು ಲಿಪಿಯಲ್ಲಿ ಬರೆಸಿ, ಅದರ ಕೆಳಗೆ ಸೆಲ್ಫಿ ತೆಗೆದು, ಮಗುವಿಗೆ "ಲುಕ್ ಹಿಯರ್" ಎನ್ನುವವರಲ್ಲಿ ನಾನೂ ಒಬ್ಬ.

ಇನ್ನು ಎಂಟನೇ ಪರಿಚ್ಛೇದದ ಬೇಡಿಕೆ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರು 18,46,427 ಮಂದಿ. ಅದಕ್ಕಿಂತ ಕಡಿಮೆ ಜನರಾಡುವ ಬೋಡೊ 2003ರಲ್ಲೇ ಪರಿಚ್ಛೇದಕ್ಕೆ ಸೇರಿದೆ. ಹಾಗಾಗಿ ನ್ಯಾಯದ ಮಾತಾಗಿ ಬೇಡಿಕೆ ಸರಿ. ಮದ್ದಾಗಿ ಸರಿಯೇ ಎಂಬುದು ಬೇರೆ ಪ್ರಶ್ನೆ. ಸಿಂಧಿ 1967ರಲ್ಲಿ, ಕೊಂಕಣಿ 1992ರಲ್ಲಿ ಪರಿಚ್ಛೇದ ಸೇರಿದವು. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಸಿಂಧಿ ಕುಟುಂಬ, ಐದನೆಯದರಲ್ಲಿ ಒಂದು ಕೊಂಕಣಿ ಕುಟುಂಬ. ಸಂಜೆ ಕೆಳಗೆ ಆಡುವ ಮಕ್ಕಳಲ್ಲಿ ಯಾರದು ಪರಿಚ್ಛೇದದ ಒಳಗಿನ ಭಾಷೆ, ಯಾರದು ಹೊರಗಿನದು ಎಂದು ಮಾತು ಕೇಳಿ ಹೇಳಲು ಸಾಧ್ಯವಿಲ್ಲ. ಎಲ್ಲರದೂ ಒಂದೇ ಹಿಂದಿ.

ಯಾರೂ ಅನುದಾನ ಕೊಡದ ತುಳು

ಇದೇ ಮುಂಬಯಿಯಲ್ಲಿ ತುಳು ಮೂರು ತಲೆಮಾರು ಬದುಕಿತು. ಸರ್ಕಾರದ ಒಂದು ಪೈಸೆಯೂ ಇಲ್ಲದೆ ಬದುಕಿತು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ಆದರೆ ಭಾಷೆಯನ್ನು ಹೊತ್ತು ನಡೆದದ್ದು ಸಂಘಗಳಿಗಿಂತ ಹೆಚ್ಚಾಗಿ ಹೋಟೆಲುಗಳ ಅಡುಗೆಮನೆ. ನನ್ನ ಮಾವ ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದರು. ಅವರು ಹೇಳುತ್ತಿದ್ದರು: ಒಳಗೆ ತುಳು, ಗಲ್ಲಾದಲ್ಲಿ ಹಿಂದಿ, ರಾತ್ರಿ ಶಾಲೆಯಲ್ಲಿ ಕನ್ನಡ. ತುಳು ಬಾರದ ಹುಡುಗ ಆ ಅಡುಗೆಮನೆಯಲ್ಲಿ ಒಂದು ವಾರ ಬಾಳುವಂತಿರಲಿಲ್ಲ. ಎಲ್ಲಿ ಮಲಗುವುದು, ಯಾರ ಬಳಿ ಸಾಲ ಕೇಳುವುದು, ಯಾವ ಹೋಟೆಲಿನಲ್ಲಿ ಸಂಬಳ ಹೆಚ್ಚು, ಊರಿಗೆ ಹೋಗುವವರ ಕೈಯಲ್ಲಿ ಹಣ ಕಳಿಸುವುದು ಹೇಗೆ, ಈ ಎಲ್ಲ ಮಾಹಿತಿ ಓಡಾಡುತ್ತಿದ್ದದ್ದು ತುಳುವಿನಲ್ಲಿ. ಬೇರೆ ಜಾತಿಯವರು, ಕುಂದಾಪುರದ ಕನ್ನಡಿಗರು, ಕೆಲವೊಮ್ಮೆ ಉತ್ತರ ಭಾರತದ ಹುಡುಗರೂ ಅಲ್ಲಿ ತುಳು ಕಲಿತರು.

ಅದನ್ನು ನಾನು ವೈಭವೀಕರಿಸುತ್ತಿಲ್ಲ. ಹದಿಮೂರರ ಹುಡುಗ ರಾತ್ರಿ ಹನ್ನೊಂದರವರೆಗೆ ದುಡಿಯುವ ವ್ಯವಸ್ಥೆ ಮತ್ತೆ ಬರಬಾರದು. ನಾನು ಎಂ.ಟೆಕ್. ಓದಿದ್ದು ಮಾವನಂಥವರ ಹಣದಿಂದ. ಓದಿದ ಕೂಡಲೇ ಆ ಭಾಷೆಯಿಂದ ದೂರ ಸರಿದದ್ದೂ ನಿಜ. ನನ್ನ ಮಾತು ಇಷ್ಟೇ. ಭಾಷೆ ಉಳಿದದ್ದು ಅದು ಇಲ್ಲದೆ ಕೆಲಸ ನಡೆಯದ ಜಾಗವೊಂದಿತ್ತು ಎಂಬುದರಿಂದ. ಆ ಜಾಗ ಹೋಯಿತು. ನಮ್ಮ ಅಕಾಡೆಮಿಗಳು ಕಟ್ಟಿಕೊಟ್ಟಿರುವುದು ತುಳು ಇದ್ದರೆ ಚಂದ ಎನ್ನುವ ಜಾಗಗಳನ್ನು: ವೇದಿಕೆ, ಸಮ್ಮೇಳನ, ಪ್ರಶಸ್ತಿ. ತುಳು ಇರಲೇಬೇಕಾದ ಜಾಗ ಒಂದೂ ಹೊಸದಾಗಿ ಹುಟ್ಟಿಲ್ಲ.

ಹತ್ತು ಸಾವಿರದ ಗೆರೆ

ಇಲ್ಲಿಯವರೆಗೆ ನಾನು ನನ್ನ ಭಾಷೆಯ ದುಃಖ ಹೇಳಿಕೊಂಡೆ. ಹದಿನೆಂಟು ಲಕ್ಷ ಜನ, ನಾಟಕ, ಸಿನಿಮಾ, ಅಕಾಡೆಮಿ ಇರುವ ಭಾಷೆಯವರು ಅಳುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಯುನೆಸ್ಕೋದ ಅಪಾಯದ ಭಾಷೆಗಳ ನಕ್ಷೆಯಲ್ಲಿ ತುಳು, ಕೊಡವದ ಜೊತೆಗೆ ಕೊರಗ ಭಾಷೆಯೂ ಇದೆ.

ಡಿ.ಎನ್. ಶಂಕರ ಭಟ್ಟರನ್ನು ನಮ್ಮಲ್ಲಿ ಬಹಳ ಜನ ಬಲ್ಲದ್ದು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದವರಾಗಿ. ಅದಕ್ಕೂ ಬಹಳ ಹಿಂದೆ, ಪುಣೆಯ ಡೆಕ್ಕನ್ ಕಾಲೇಜಿನಿಂದ ಅವರು 1967ರಲ್ಲಿ ತುಳುವಿನ ಬಗ್ಗೆ, 1971ರಲ್ಲಿ ಕೊರಗ ಭಾಷೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದರು. ಕೊರಗದಲ್ಲಿ ಒಂಟಿ, ತಪ್ಪು, ಮುದು ಎಂಬ ಮೂರು ಉಪಭಾಷೆಗಳಿವೆ ಎಂದು ಗುರುತಿಸಿದ ಕೃತಿ ಅದು. ಅದನ್ನು ನಾನು ಕಂಡದ್ದು ಮೂವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಕೊರಗರಿಗೆ ತಮ್ಮದೇ ಒಂದು ಭಾಷೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೆ ಬುಟ್ಟಿ ಹೆಣೆದು ತರುತ್ತಿದ್ದವರು ನಮ್ಮೊಡನೆ ತುಳುವಿನಲ್ಲಿ ಮಾತಾಡುತ್ತಿದ್ದರು. ಅಂಗಳದ ಹೊರಗೆ ನಿಂತು ಮಾತಾಡುತ್ತಿದ್ದರು. ಅವರು ತಮ್ಮ ಮಕ್ಕಳೊಡನೆ ಏನು ಆಡುತ್ತಾರೆಂದು ಕೇಳಿಸುವಷ್ಟು ಹತ್ತಿರಕ್ಕೆ ನಾವು ಅವರನ್ನು ಬಿಟ್ಟುಕೊಂಡಿರಲಿಲ್ಲ. ಅವರಿಂದ ಅಮಾನವೀಯ ಕೆಲಸ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಕನ್ನಡ ತುಳುವನ್ನು ನುಂಗುತ್ತದೆ ಎಂದು ದೂರುವ ನಾವು ಇನ್ನೊಂದು ಭಾಷೆಯನ್ನು ನುಂಗುತ್ತಿದ್ದೆವು. ಅದಕ್ಕೆ ತುಳುವರ ಯಾವ ಸಮ್ಮೇಳನವೂ ಒಂದು ಗೋಷ್ಠಿ ಇಟ್ಟದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಇಂಥ ಭಾಷೆಗಳಿಗೆ ಸರ್ಕಾರ ಏನು ಮಾಡುತ್ತದೆ? 1961ರ ಜನಗಣತಿ 1652 ತಾಯ್ನುಡಿಗಳನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಅಂಕಿ ಪ್ರತ್ಯೇಕವಾಗಿ ಪ್ರಕಟವಾಗುವುದು ನಿಂತಿತು. 2011ರ ಪಟ್ಟಿಯಲ್ಲಿ ಇರುವುದು 121 ಭಾಷೆ. 2013ರಲ್ಲಿ ಕೇಂದ್ರ ಸರ್ಕಾರ ಅಪಾಯದಲ್ಲಿರುವ ಭಾಷೆಗಳ ರಕ್ಷಣೆಗೆ ಯೋಜನೆ ತಂದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕೆ ಒಪ್ಪಿಸಿತು. ಅದರ ಗೆರೆಯೂ ಹತ್ತು ಸಾವಿರವೇ: ಅದಕ್ಕಿಂತ ಕಡಿಮೆ ಜನರಾಡುವ ಭಾಷೆಗಳಿಗೆ ಈ ಯೋಜನೆ. ಒಂದು ಇಲಾಖೆ ಕಾಣದಂತೆ ಮಾಡಿದ್ದನ್ನು ಇನ್ನೊಂದು ಇಲಾಖೆ ನಲವತ್ತು ವರ್ಷದ ನಂತರ ಹುಡುಕಿಕೊಂಡು ಹೊರಟಿತು. ಈ ನಡುವೆ ಗಣೇಶ ದೇವಿ ಅವರ ಮುಂದಾಳತ್ವದ ಜನಭಾಷಾ ಸಮೀಕ್ಷೆ ಸರ್ಕಾರದ ಹಂಗಿಲ್ಲದೆ 780 ಭಾಷೆಗಳನ್ನು ಗುರುತಿಸಿತ್ತು.

ಕೇಂದ್ರದ ಯೋಜನೆಯ ಗುರಿ ನೋಡಿ: ಪ್ರತಿ ಭಾಷೆಗೂ ಒಂದು ವ್ಯಾಕರಣ, ಒಂದು ನಿಘಂಟು, ಜನಾಂಗದ ಒಂದು ಪರಿಚಯ. ಮತ್ತೆ ತಲುಪಿಸುವ ವಸ್ತುಗಳೇ. ದಾಖಲಾತಿ ಬೇಡವೆನ್ನಲು ನಾನು ಸಿದ್ಧನಿಲ್ಲ. ಭಟ್ಟರ ಪುಸ್ತಕ ಇಲ್ಲದಿದ್ದರೆ ನನ್ನ ಕುರುಡು ತೆರೆಯುತ್ತಿರಲಿಲ್ಲ. ಆದರೆ ಹೆಸರಿನಲ್ಲಿ "ರಕ್ಷಣೆ" ಇದೆ. ಶವಪರೀಕ್ಷೆಯ ವರದಿ ಎಷ್ಟು ಚೆನ್ನಾಗಿದ್ದರೂ ಅದನ್ನು ಚಿಕಿತ್ಸೆ ಎನ್ನಲಾಗದು. ಕರ್ನಾಟಕದ ಕೊರಗರ ಸಂಖ್ಯೆಯೇ 2001ರಲ್ಲಿ ಹದಿನಾರು ಸಾವಿರದಷ್ಟಿದ್ದದ್ದು 2011ಕ್ಕೆ ಹದಿನೈದು ಸಾವಿರಕ್ಕಿಂತ ಕೆಳಗಿಳಿದಿದೆ. ಜನ ಕರಗುತ್ತಿರುವಾಗ ಅವರ ಭಾಷೆಯ ವ್ಯಾಕರಣಕ್ಕೆ ಒಂದು ಕಡತ, ಅವರ ಭೂಮಿ ಮತ್ತು ಪೌಷ್ಟಿಕತೆಗೆ ಬೇರೆ ಕಡತ. ಎರಡು ಕಡತಗಳೂ ಒಂದೇ ಮನೆಯ ಬಗ್ಗೆ ಎಂಬುದನ್ನು ಯಾರು ನೆನಪಿಸಬೇಕು?

ಮುಂಬಯಿಯಲ್ಲಿ ಇದರ ಕನ್ನಡಿ ಪ್ರತಿ ಗೋಡೆಯ ಮೇಲಿದೆ. ನಮ್ಮ ಸೊಸೈಟಿಯ ಕಾಂಪೌಂಡಿನ ತುಂಬ ವಾರ್ಲಿ ಚಿತ್ರ. ಜೀವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ವಾರ್ಲಿ ಚಿತ್ರಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಾರ್ಲಿ ಜನ ಈ ನಗರದ ಒಳಗೇ, ಆರೆ ಕಾಲೊನಿಯ ಪಾಡಾಗಳಲ್ಲಿ ವಾಸಿಸುತ್ತಾರೆ. ಅವರದೊಂದು ಮಾತಿದೆ ಎಂದು ಗೋಡೆ ನೋಡಿದವರಲ್ಲಿ ಎಷ್ಟು ಮಂದಿ ಯೋಚಿಸಿದ್ದೇವೆ? ಚಿತ್ರಕ್ಕೆ ಚೌಕಟ್ಟು ಹಾಕಬಹುದು, ಪ್ರಶಸ್ತಿ ಕೊಡಬಹುದು, ಗೋಡೆಗೆ ಬಳಿಯಬಹುದು. ಮಾತಿಗೆ ಇನ್ನೊಬ್ಬ ಮನುಷ್ಯ ಬೇಕು.

ಅಜ್ಜಿಯರಿಗೆ ಸಂಬಳ

ಸರ್ಕಾರದ ಕೈಯಲ್ಲಿ ಮತ್ತೇನು ಸಾಧ್ಯ ಎಂದು ಕೇಳುವವರಿಗೆ ನ್ಯೂಜಿಲೆಂಡಿನ ಕಥೆ ಹೇಳಬೇಕು. 1970ರ ದಶಕದಲ್ಲಿ ಮಾವೋರಿ ಭಾಷೆ ಬಲ್ಲ ಮಕ್ಕಳು ವಿರಳವಾಗುತ್ತಿದ್ದಾರೆಂದು ಸಮೀಕ್ಷೆ ತೋರಿಸಿತು. 1982ರಲ್ಲಿ ವೆಲಿಂಗ್ಟನ್ ಬಳಿಯ ವೈನುಯಿಯೊಮಾಟದಲ್ಲಿ ಮೊದಲ ಕೊಹಂಗ ರೇಯೊ, ಅಂದರೆ ಭಾಷೆಯ ಗೂಡು, ಶುರುವಾಯಿತು. ಉಪಾಯ ತೀರ ಸರಳ. ಶಾಲೆಗೆ ಹೋಗುವ ವಯಸ್ಸಿಗೆ ಮುಂಚಿನ ಮಕ್ಕಳನ್ನು ಭಾಷೆ ಬಲ್ಲ ಅಜ್ಜ-ಅಜ್ಜಿಯರ ಕೈಗೆ ಕೊಡುವುದು. ಅಲ್ಲಿ ಇಡೀ ದಿನ ಮಾವೋರಿ ಮಾತ್ರ. ಮಾವೋರಿ ವ್ಯವಹಾರಗಳ ಇಲಾಖೆ ಬೆನ್ನಿಗಿತ್ತು, ಓಡಿದ್ದು ಸಮುದಾಯ. ಮೂರು ವರ್ಷದಲ್ಲಿ ಇಂಥ ಗೂಡುಗಳು ನೂರಾರಾದವು. ಮಕ್ಕಳು ಮನೆಗೆ ಬಂದು ಮಾವೋರಿಯಲ್ಲಿ ನೀರು ಕೇಳತೊಡಗಿದಾಗ ಅಪ್ಪ-ಅಮ್ಮಂದಿರೂ ಕಲಿಯಬೇಕಾಯಿತು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. ಅಂದರೆ ಕಾನೂನು ಗೂಡಿನ ಹಿಂದೆ ಬಂತು.

ಕಥೆಯ ಉತ್ತರಾರ್ಧ ಅಷ್ಟು ಸಿಹಿಯಲ್ಲ. 1990ರಲ್ಲಿ ಗೂಡುಗಳ ಹೊಣೆ ಶಿಕ್ಷಣ ಸಚಿವಾಲಯಕ್ಕೆ ಹೋಯಿತು. ಶಿಶುಶಿಕ್ಷಣ ಕೇಂದ್ರಗಳ ನಿಯಮ, ಪರವಾನಗಿ, ಅರ್ಹತೆಯ ಮಾನದಂಡಗಳು ಇವಕ್ಕೂ ಬಂದವು. ಅನುದಾನ ಅವಕ್ಕೆ ಅಂಟಿಕೊಂಡಿತು. ಸರ್ಟಿಫಿಕೇಟು ಇಲ್ಲದ ಅಜ್ಜಿಯ ಬೆಲೆ ಕಡತದಲ್ಲಿ ಕಡಿಮೆಯಾಯಿತು. ಸಂಖ್ಯೆ ಇಳಿಯತೊಡಗಿತು. 2012ರಲ್ಲಿ ವೈಟಾಂಗಿ ನ್ಯಾಯಮಂಡಳಿಯೇ ಸರ್ಕಾರದ ನೀತಿ ಗೂಡುಗಳಿಗೆ ಹಾನಿ ಮಾಡಿದೆ ಎಂಬ ತೀರ್ಮಾನಕ್ಕೆ ಬಂತು. ನೆರವು ಎಷ್ಟು ಎಂಬುದರಷ್ಟೇ ಯಾವ ಷರತ್ತಿನೊಡನೆ ಎಂಬುದೂ ಮುಖ್ಯ ಎಂದು ನನಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಸಿದ ಉದಾಹರಣೆ ಇನ್ನೊಂದಿಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 1975ರಿಂದ ಅಂಗನವಾಡಿ ಇದೆ. ಕೊರಗರ, ಜೇನುಕುರುಬರ ವಸತಿಗಳ ಅಂಗನವಾಡಿಗೆ ಆ ಭಾಷೆ ಆಡುವ ಹಿರಿಯರೊಬ್ಬರನ್ನು, ಓದು ಬರಹ ಕೇಳದೆ, ಸಂಬಳ ಕೊಟ್ಟು ದಿನಕ್ಕೆ ನಾಲ್ಕು ಗಂಟೆ ಕೂರಿಸಲಿ. ಅವರು ಕಥೆ ಹೇಳಲಿ, ಬಯ್ಯಲಿ, ಊಟ ಮಾಡಿಸಲಿ. ಒಡಿಶಾ ಸುಮಾರು 2007ರಿಂದ ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಶಿಕ್ಷಣ ನಡೆಸುತ್ತಿದೆ, ಆ ಸಮುದಾಯಗಳಿಂದಲೇ ಶಿಕ್ಷಕರನ್ನು ತೆಗೆದುಕೊಂಡು. ಹಾಗಾಗಿ ಭಾರತದಲ್ಲಿ ಆಗದು ಎನ್ನುವಂತಿಲ್ಲ. ಬೇಕೋ ಬೇಡವೋ ಎಂದು ಮೊದಲು ಆ ಸಮುದಾಯವನ್ನು ಕೇಳಬೇಕು. ಅವರು "ಮೊದಲು ಭೂಮಿ ಕೊಡಿ, ಭಾಷೆ ಆಮೇಲೆ" ಎಂದರೆ ಆ ಉತ್ತರವನ್ನೂ ಬರೆದುಕೊಳ್ಳಬೇಕು. ವರ್ಷದ ಕೊನೆಗೆ ಲೆಕ್ಕ ಕೇಳುವಾಗ ಪ್ರಕಟವಾದ ಪುಸ್ತಕಗಳನ್ನು ಎಣಿಸುವ ಬದಲು ಆರು ವರ್ಷದ ಎಷ್ಟು ಮಕ್ಕಳು ಅಜ್ಜಿಗೆ ಅಜ್ಜಿಯ ಭಾಷೆಯಲ್ಲೇ ಉತ್ತರ ಕೊಡುತ್ತಾರೆ ಎಂದು ಎಣಿಸಲಿ. ತುಳುವಿಗೂ ಇದೇ ಅಳತೆ ಇರಲಿ.

ನನ್ನ ವಾದಕ್ಕೆ ಒಂದು ಬಲವಾದ ಎದುರು ಉದಾಹರಣೆ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಂಪನೋಗ್ ಭಾಷೆಯನ್ನು ಮಾತಾಡುವವರು ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಇರಲಿಲ್ಲ. ಉಳಿದಿದ್ದದ್ದು ಕಾಗದ: ಆ ಭಾಷೆಯಲ್ಲಿ 1663ರಲ್ಲಿ ಅಚ್ಚಾದ ಬೈಬಲ್, ಕೆಲವು ಜಮೀನು ಪತ್ರಗಳು. ಅದೇ ಸಮುದಾಯದ ಜೆಸ್ಸಿ ಲಿಟಲ್ ಡೋ ಬೇರ್ಡ್ 1990ರ ದಶಕದಲ್ಲಿ ಎಂ.ಐ.ಟಿ.ಗೆ ಹೋಗಿ ಭಾಷಾವಿಜ್ಞಾನ ಕಲಿತು, ಆ ಕಾಗದಗಳಿಂದ ಭಾಷೆಯನ್ನು ಮತ್ತೆ ಕಟ್ಟಿದರು. ಅಂದರೆ ಕಪಾಟು ವ್ಯರ್ಥವಲ್ಲ. ಮುನ್ನೂರು ವರ್ಷದ ನಂತರವೂ ಅದರಿಂದ ಮೊಳಕೆ ಒಡೆಯಬಹುದು. ಇದನ್ನು ಓದಿದ ಮೇಲೆ ನಿಘಂಟಿನ ಬಗ್ಗೆ ನನ್ನ ಅಸಹನೆ ಕಡಿಮೆಯಾಯಿತು. ಆದರೆ ಅಲ್ಲಿಯೂ ಭಾಷೆ ಬದುಕಿಗೆ ಬಂದದ್ದು ಬೇರ್ಡ್ ತಮ್ಮ ಮಗಳೊಡನೆ ಹುಟ್ಟಿನಿಂದ ಅದನ್ನೇ ಆಡಿದಾಗ. ಒಂದು ಶತಮಾನದ ನಂತರ ಅದನ್ನು ತಾಯ್ನುಡಿಯಾಗಿ ಪಡೆದ ಮೊದಲ ಮಗು ಅವಳು.

ಮನೆಯ ಲೆಕ್ಕ

ಅವರಿಗೆ ಕಾಗದ ಮಾತ್ರ ಇತ್ತು. ನನಗೆ ಅಮ್ಮ ಇದ್ದಾರೆ, ಆರು ಸಂಪುಟ ಇದೆ, ಯೂನಿಕೋಡ್ ಇದೆ, ಅಕಾಡೆಮಿ ಇದೆ. ಆದರೂ ಹದಿಮೂರು ವರ್ಷ ನಾನು ಮಗಳೊಡನೆ ತುಳು ಆಡಲಿಲ್ಲ. ಕಾರಣ ಕೇಳಿದರೆ ಹೆಂಡತಿ ಧಾರವಾಡದವಳು, ಮನೆಯ ಸಾಮಾನ್ಯ ಭಾಷೆ ಕನ್ನಡ-ಹಿಂದಿ, ಕೆಲಸದ ಒತ್ತಡ ಎಂದು ಹೇಳಬಲ್ಲೆ. ಇವೆಲ್ಲ ನಿಜವೇ. ಆದರೆ ಎರಡು ಗಂಟೆಯ ಇಂಗ್ಲಿಷ್ ಕರೆಗೆ ನನಗೆ ದಿನವೂ ಸಮಯ ಸಿಗುತ್ತದೆ. ಸರ್ಕಾರವನ್ನು ಓದಲು ಹೊರಟ ವಿಮರ್ಶಕ ತನ್ನ ಮನೆಯ ಪುಟವನ್ನು ಹಾರಿಸಿ ಓದಬಾರದು.

ಅಮ್ಮ ಊರಿಗೆ ಹೊರಟ ಮೇಲೆ ರಾತ್ರಿ ಊಟದ ಹೊತ್ತಿಗೆ ನಾನು ಮಗಳೊಡನೆ ತುಳುವಿನಲ್ಲೇ ಮಾತಾಡುವುದೆಂದು ಮಾಡಿಕೊಂಡೆವು. ಮೊದಲ ವಾರ ನಾಟಕದಂತಿತ್ತು. ಎರಡನೇ ವಾರ ಅವಳು ಫೋನಿನಲ್ಲಿ ಅಜ್ಜಿಯನ್ನು ತಾನಾಗಿ ಕೇಳಿದಳು: "ಅಜ್ಜಿ, ಒಣಸ್ ಮಲ್ತನಾ?" ಹಿರಿಯರಿಗೆ ಹೇಳಬೇಕಾದದ್ದು "ಮಲ್ತರಾ". ಅಜ್ಜಿಗೆ ಏಕವಚನ ಹಚ್ಚಿದ್ದು ಕೇಳಿ ಅಮ್ಮ ಬಿದ್ದು ಬಿದ್ದು ನಕ್ಕರು, ಪಕ್ಕದಲ್ಲಿದ್ದ ಚಿಕ್ಕಮ್ಮನನ್ನೂ ಕರೆದು ಹೇಳಿದರು. ಪ್ರೀತಿಯ ನಗುವೇ. ಆದರೆ ಮಗಳು ಅಂದಿನಿಂದ ಫೋನಿನಲ್ಲಿ ಹಿಂದಿಗೆ ಮರಳಿದ್ದಾಳೆ.

ಈ ನಗುವಿಗೆ ಯಾವ ಸರ್ಕಾರದಲ್ಲೂ ಯೋಜನೆ ಇಲ್ಲ. ಅಮ್ಮನಿಗೆ ಹೇಳಿದ್ದೇನೆ, ಇನ್ನು ಮುಂದೆ ನಗಬೇಡಿ ಎಂದು. ಮುಂದಿನ ಆಟಿಗೆ ಅವರು ಮತ್ತೆ ಬರುತ್ತಾರೆ. ಸ್ಟೇಷನ್ನಿನ ಹೊರಗೆ ಆ ಹೆಂಗಸು ಮತ್ತೆ ಕೂತಿದ್ದರೆ, ಟಾಕಳಾವನ್ನು ಅವಳ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳುವ ಕೆಲಸ ನನಗೆ ಬಾಕಿ ಇದೆ.